ಮಗಳು ಹಿನ್ನೆಲೆ ಗಾಯಕಿಯಾಗಬೇಕಂತೆ: ಮೊದಲ ಹಾಡಿಗಿಂತ ಎರಡನೇ ಕರೆ ಮುಖ್ಯ

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತಿದ್ದಾಳೆ, ಸೀನಿಯರ್ ಪರೀಕ್ಷೆ ಮುಗಿದಿದೆ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಸಿನಿಮಾದಲ್ಲಿ ಹಿನ್ನೆಲೆ ಗಾಯಕಿಯಾಗಬೇಕು ಎನ್ನುವುದೊಂದೇ ಹಟ. ಟಿ.ವಿ. ಸ್ಪರ್ಧೆಯ ಆಡಿಷನ್‌ನಲ್ಲಿ ‘ಶಾಸ್ತ್ರೀಯ ಜಾಸ್ತಿಯಾಯಿತು’ ಎಂದು ವಾಪಸ್ ಕಳಿಸಿದರು. ಈಗ ಒಬ್ಬರು, ಹಣ ಕೊಟ್ಟರೆ ಹೊಸ ಸಿನಿಮಾದಲ್ಲಿ ಒಂದು ಹಾಡು ಹಾಡಿಸುತ್ತೇವೆ ಎನ್ನುತ್ತಿದ್ದಾರೆ. ಕೊಡಬಹುದೇ? ಈ ವೃತ್ತಿ ನಿಜಕ್ಕೂ ಹೇಗಿರುತ್ತದೆ? ಇದನ್ನು ನಂಬಿ ಬದುಕು ನಡೆಯುತ್ತದೆಯೇ?

ಉತ್ತರ: ಹಣ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ, ಇದೊಂದು ಇವತ್ತೇ ತೀರ್ಮಾನವಾಗಬೇಕು. ಸಿನಿಮಾ ಹಾಡಿಗೆ ಖರ್ಚು ಮಾಡುವವರು ನಿರ್ಮಾಪಕರು ಅಥವಾ ಆಡಿಯೊ ಕಂಪನಿಯವರು. ಯಾರ ದನಿ ಬೇಕು ಎನ್ನುವುದನ್ನು ಸಂಗೀತ ನಿರ್ದೇಶಕರು ಚಿತ್ರದ ನಿರ್ದೇಶಕರ ಜತೆ ಕೂತು ನಿರ್ಧರಿಸುತ್ತಾರೆ. ಹಾಡಿದವರು ಸಂಭಾವನೆ ಪಡೆಯುವುದು ಇಲ್ಲಿನ ಕ್ರಮ. ಹಾಡುವವರಿಂದಲೇ ಹಣ ಕೇಳುವ ಕಡೆ ಒಂದೋ ಸಿನಿಮಾ ಸೆಟ್ಟೇರುವುದಿಲ್ಲ, ಇಲ್ಲವೇ ಹಾಡು ಮುದ್ರಣವಾಗಿಯೂ ಹೊರಗೆ ಬರುವುದಿಲ್ಲ, ಇಲ್ಲವೇ ಹೊರಗೆ ಬಂದಾಗ ಅದರಲ್ಲಿ ಬೇರೆಯವರ ದನಿ ಇರುತ್ತದೆ. ಮೂರರಲ್ಲಿ ಯಾವುದಾದರೂ ನಿಮ್ಮ ಕೈಯಲ್ಲಿ ಕೇಳಲು ಪುರಾವೆ ಇರುವುದಿಲ್ಲ. ಖರ್ಚು ಮಾಡಲೇಬೇಕೆಂದಿದ್ದರೆ ಗಂಟೆಯ ಲೆಕ್ಕದಲ್ಲಿ ಒಳ್ಳೆಯ ಸ್ಟುಡಿಯೊ ಬಾಡಿಗೆಗೆ ಹಿಡಿದು ಮಗಳ ದನಿಯಲ್ಲಿ ಒಂದು ಡೆಮೊ, ಅಂದರೆ ಮಾದರಿ ಮುದ್ರಣ, ಮಾಡಿಸಿ. ಆ ಫೈಲು ನಿಮ್ಮದಾಗಿ ಉಳಿಯುತ್ತದೆ.

ಈಗ ಕೆಲಸದ ಸ್ವರೂಪಕ್ಕೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದ 1934ರಲ್ಲಿ ನಟಿಸುವವರೇ ಕ್ಯಾಮೆರಾದ ಮುಂದೆ ಹಾಡಬೇಕಿತ್ತು. ಮರುವರ್ಷ ಕೋಲ್ಕತ್ತದ ನ್ಯೂ ಥಿಯೇಟರ್ಸ್‌ನಲ್ಲಿ ನಿರ್ದೇಶಕ ನಿತಿನ್ ಬೋಸ್ ಮತ್ತು ಸಂಗೀತ ನಿರ್ದೇಶಕ ಆರ್.ಸಿ. ಬೋರಲ್ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದ ಹೊತ್ತಿಗೆ ಅದನ್ನು ನುಡಿಸಿ ತುಟಿ ಆಡಿಸುವ ಪದ್ಧತಿ ತಂದರು. ಅಲ್ಲಿಂದ ಹಾಡುವವರು ಬೇರೆ, ಕಾಣಿಸುವವರು ಬೇರೆ ಆದರು. ಹೀಗಾಗಿ ಹಿನ್ನೆಲೆ ಗಾಯಕಿಯ ಮೊದಲ ಕರ್ತವ್ಯ ತನ್ನ ಸಂಗೀತವನ್ನು ತೋರಿಸುವುದಲ್ಲ. ಇನ್ನೊಬ್ಬರ ಮುಖಕ್ಕೆ, ವಯಸ್ಸಿಗೆ, ಆ ದೃಶ್ಯದ ಮನಸ್ಥಿತಿಗೆ ತನ್ನ ದನಿಯನ್ನು ಕೊಡುವುದು. ಎಸ್. ಜಾನಕಿಯವರು ಮಗುವಿನ ದನಿಯಲ್ಲೂ ಹಾಡಿದರು, ಮುದುಕಿಯ ದನಿಯಲ್ಲೂ ಹಾಡಿದರು. ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಮನೆಮಾತು ತೆಲುಗು. ಆದರೂ ವರ್ಷಗಟ್ಟಲೆ ಕನ್ನಡದ ಪ್ರೇಕ್ಷಕರಿಗೆ ಅವರ ದನಿ ಎಂದರೆ ರಾಜ್‌ಕುಮಾರ್ ಅವರೇ ಹಾಡಿದಂತೆ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದರು, ಆ ಮೇಲೆ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಒಂದು ದೊಡ್ಡ ಜೋಡಿ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಶ್ರೀನಿವಾಸ್ ಅವರ ಗಾಯನದಲ್ಲಿ ಕೊರತೆ ಬಂದು ಹಾಗಾದದ್ದಲ್ಲ. ಈ ವೃತ್ತಿಯಲ್ಲಿ ನಮ್ಮ ಕೈಯಲ್ಲಿಲ್ಲದ ಕಾರಣಕ್ಕೂ ಕೆಲಸ ಕಡಿಮೆಯಾಗಬಹುದು ಎನ್ನುವುದನ್ನು ಮಗಳು ಈಗಲೇ ತಿಳಿದಿರಲಿ.

ಆಡಿಷನ್‌ನಲ್ಲಿ ‘ಶಾಸ್ತ್ರೀಯ ಜಾಸ್ತಿ’ ಎಂದದ್ದಕ್ಕೆ ನೊಂದುಕೊಂಡು ಪಾಠ ಬಿಡಿಸಬೇಡಿ. ಒಂಬತ್ತು ವರ್ಷದ ಅಭ್ಯಾಸ ಕೊಟ್ಟಿರುವ ಶ್ರುತಿ, ಲಯ, ಕೇಳಿದ್ದನ್ನು ಹಿಡಿಯುವ ಕಿವಿ, ಇವೇ ಅವಳ ಬಂಡವಾಳ. ತೀರ್ಪುಗಾರರು ಆ ಮಾತು ಹೇಳುವಾಗ ಬಹುತೇಕ ನಾಲ್ಕು ದೋಷಗಳಲ್ಲಿ ಒಂದನ್ನು ಕೇಳಿಸಿಕೊಂಡಿರುತ್ತಾರೆ.

ಮೊದಲನೆಯದು ಗಮಕ, ಅಂದರೆ ಸ್ವರವನ್ನು ತೂಗಿ ಅಲುಗಿಸಿ ಹಾಡುವುದು. ತಂಬೂರಿಯ ಮೇಲೆ ಹಾಡುವಾಗ ಗಾಂಧಾರವನ್ನು ಎಷ್ಟು ತೂಗಿದರೂ ಚೆಂದ. ಸಿನಿಮಾ ಹಾಡಿನ ಕೆಳಗೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು, ಅಂದರೆ ಕಾರ್ಡ್‌ಗಳು ಓಡುತ್ತಿರುತ್ತವೆ. ಕಾರ್ಡ್ ಒಂದು ಸ್ವರವನ್ನು ನೇರವಾಗಿ ಹಿಡಿದು ನಿಂತಿರುವಾಗ ದನಿ ಅದರ ಮೇಲೆ ಕೆಳಗೆ ಓಲಾಡಿದರೆ ಅಪಶ್ರುತಿಯ ಹಾಗೆ ಕೇಳುತ್ತದೆ. ಗಾಯಕಿ ತಪ್ಪಿರುವುದಿಲ್ಲ, ಎರಡು ಪದ್ಧತಿಗಳು ಡಿಕ್ಕಿ ಹೊಡೆದಿರುತ್ತವೆ. ಇದಕ್ಕೆ ಅಭ್ಯಾಸ ಹೀಗೆ: ಯಾವುದಾದರೂ ಹಾಡಿನ ನಾಲ್ಕು ಸಾಲು ಆರಿಸಿಕೊಂಡು ಒಂದೂ ಗಮಕವಿಲ್ಲದೆ, ಕೀಬೋರ್ಡಿನ ಸ್ವರಗಳಷ್ಟೇ ನೇರವಾಗಿ ಹಾಡಬೇಕು. ಮೊದಮೊದಲು ಬರಡಾಗಿ ಕೇಳಿಸುತ್ತದೆ, ಕೇಳಿಸಲಿ. ಅದು ನಿಂತ ಮೇಲೆ ಮೂಲ ಹಾಡನ್ನು ಮತ್ತೆ ಕೇಳಿ, ಎಲ್ಲೆಲ್ಲಿ ಜಾರು ಇದೆ, ಎಲ್ಲಿ ಸಣ್ಣ ಬಿರ್ಕಾ (ವೇಗದ ಸ್ವರಗಳ ಸುರುಳಿ) ಇದೆ ಎಂದು ಕಾಗದದಲ್ಲಿ ಗುರುತು ಹಾಕಿ, ಅಷ್ಟನ್ನು ಮಾತ್ರ ಸೇರಿಸಬೇಕು. ಆಮೇಲೆ ಅವಳಿಗೆ ಗಮಕ ಬಿಡುವುದೂ ಗೊತ್ತಿರುತ್ತದೆ, ಬೇಕಾದಾಗ ಹಾಕುವುದೂ ಗೊತ್ತಿರುತ್ತದೆ. ರಾಗಪ್ರಧಾನ ಹಾಡು ಬಂದಾಗ ಜನ ಹುಡುಕುವುದು ಇಂಥವರನ್ನೇ.

ಎರಡನೆಯದು ದನಿಯ ಪ್ರಮಾಣ. ಕಛೇರಿಯ ದನಿ ಕೊನೆಯ ಸಾಲಿಗೂ ಮುಟ್ಟುವ ಹಾಗೆ ತೆರೆದು ಬರುತ್ತದೆ. ಸ್ಟುಡಿಯೊದಲ್ಲಿ ಕೇಳುಗ ಒಂದು ಗೇಣು ದೂರದಲ್ಲಿದ್ದಾನೆ. ಒಂದೇ ಸಾಲನ್ನು ಕಿವಿಯಲ್ಲಿ ಹೇಳುವಷ್ಟು ಮೆಲ್ಲಗೆ, ಮಾತಾಡುವಷ್ಟು, ಪೂರ್ಣ ದನಿಯಲ್ಲಿ, ಹೀಗೆ ಮೂರು ಹಂತದಲ್ಲಿ ಶ್ರುತಿ ಅಲುಗದೆ ಹಾಡಲು ಬರಬೇಕು. ಮೆಲ್ಲಗೆ ಹಾಡುವಾಗ ಶ್ರುತಿ ಇಳಿಯುವುದು ಬಹಳ ಸಾಮಾನ್ಯ. ದನಿ ತಗ್ಗಿಸುವಾಗ ಉಸಿರಿನ ಆಧಾರವನ್ನೂ ಬಿಟ್ಟುಬಿಡುವುದೇ ಅದಕ್ಕೆ ಕಾರಣ. ಹೊಟ್ಟೆಯ ಹಿಡಿತ ಪೂರ್ಣ ದನಿಯಲ್ಲಿದ್ದಷ್ಟೇ ಇರಬೇಕು, ಗಾಳಿ ಮಾತ್ರ ಕಡಿಮೆ ಹೋಗಬೇಕು.

ಮೂರನೆಯದು ಶ್ರುತಿಯ ಸ್ಥಾನ. ಹೆಣ್ಣುಮಕ್ಕಳು ಸಾಮಾನ್ಯವಾಗಿ ಐದರಿಂದ ಆರು ಮನೆ (ಹಾರ್ಮೋನಿಯಂ ಕೀಲಿಯ ಲೆಕ್ಕ) ಶ್ರುತಿಯಲ್ಲಿ ಪಾಠ ಮಾಡಿರುತ್ತಾರೆ, ಅಂದರೆ ಪಾಶ್ಚಾತ್ಯ ಸ್ವರದ ಲೆಕ್ಕದಲ್ಲಿ ಜಿ ಇಂದ ಎ ಆಸುಪಾಸು. ಗಂಡಸರಿಗೆ ಒಂದು, ಒಂದೂವರೆ, ಎರಡು ಹಿತ. ಯುಗಳಗೀತೆಯಲ್ಲಿ ಇಬ್ಬರೂ ಒಂದೇ ಶ್ರುತಿಯಲ್ಲಿ ಹಾಡಬೇಕಾದಾಗ ಒಬ್ಬರಿಗೆ ಇಕ್ಕಟ್ಟು ತಪ್ಪದು. ಹೆಣ್ಣುದನಿ ತೀರಾ ಕೆಳಗಿಳಿಯಬೇಕು ಅಥವಾ ತಾರಸ್ಥಾಯಿಯಲ್ಲೇ ನಿಲ್ಲಬೇಕು. ಸಂಗೀತ ನಿರ್ದೇಶಕರು ಶ್ರುತಿ ಗೊತ್ತುಮಾಡುವಾಗ ಹಾಡುಗಾರ್ತಿಯ ಅನುಕೂಲ ಮಾತ್ರ ನೋಡುವುದಿಲ್ಲ. ನಿಮ್ಮ ಮಗಳು ತನ್ನ ಶ್ರುತಿಯನ್ನು ಬಿಟ್ಟು ವಾರಕ್ಕೊಮ್ಮೆಯಾದರೂ ಎರಡು ಮನೆ ಕೆಳಗೆ, ಎರಡು ಮನೆ ಮೇಲೆ ಅಭ್ಯಾಸ ಮಾಡಲಿ. ತನ್ನ ದನಿ ಯಾವ ಸ್ವರದಿಂದ ಯಾವ ಸ್ವರದವರೆಗೆ ಹಿತವಾಗಿ ಹೋಗುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದನ್ನು ಬರೆದಿಟ್ಟುಕೊಂಡಿರಲಿ. ‘ನಿಮ್ಮ ರೇಂಜ್ ಏನು?’ ಎಂದು ಕೇಳಿದಾಗ ‘ಎಲ್ಲಾ ಹಾಡ್ತೀನಿ ಸರ್’ ಎನ್ನುವ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ.

ನಾಲ್ಕನೆಯದು ಸಾಹಿತ್ಯ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಕೃತಿಯಲ್ಲಿ ಪದ ರಾಗದೊಳಗೆ ಕರಗಿದರೂ ಕೇಳುಗರು ಒಪ್ಪುತ್ತಾರೆ. ಸಿನಿಮಾದಲ್ಲಿ ಮಾತು ಕೇಳಿಸದಿದ್ದರೆ ಹಾಡೇ ಇಲ್ಲ. ಹಾಡುವ ಮುನ್ನ ಸಾಹಿತ್ಯವನ್ನು ಸಂಭಾಷಣೆಯ ಹಾಗೆ ಓದಬೇಕು, ಎಲ್ಲಿ ಒತ್ತು, ಎಲ್ಲಿ ಉಸಿರು ಎಂದು ಗುರುತು ಹಾಕಬೇಕು. ಉಸಿರು ಪದದ ನಡುವೆ ಬೀಳಬಾರದು. ಲ–ಳ, ನ–ಣ, ಅಲ್ಪಪ್ರಾಣ–ಮಹಾಪ್ರಾಣಗಳು ಮೈಕಿನಲ್ಲಿ ಬೆತ್ತಲಾಗಿ ಕೇಳಿಸುತ್ತವೆ. ಮಹಾಪ್ರಾಣವನ್ನು ಅತಿಯಾಗಿ ಊದಿದರೂ ಕೃತಕ. ಇನ್ನೊಂದು ಸೂಕ್ಷ್ಮ: ಹ್ರಸ್ವ ಅಕ್ಷರದ ಮೇಲೆ ರಾಗ ಉದ್ದವಾಗಿ ನಿಂತಾಗ ‘ಮನ’ ಹೋಗಿ ‘ಮಾನ’ ಆಗುತ್ತದೆ. ಕನ್ನಡದ ‘ಅ’ ಮತ್ತು ‘ಆ’ ಉದ್ದದಲ್ಲಷ್ಟೇ ಬೇರೆಯಲ್ಲ, ಬಾಯಿ ತೆರೆಯುವ ಅಳತೆಯಲ್ಲೂ ಬೇರೆ. ದವಡೆಯನ್ನು ಪೂರ್ತಿ ತೆರೆಯದೆ ‘ಅ’ದ ಬಣ್ಣವನ್ನೇ ಹಿಡಿದು ಎಳೆದರೆ ಸ್ವರ ಎಷ್ಟು ಹೊತ್ತು ನಿಂತರೂ ಅರ್ಥ ಉಳಿಯುತ್ತದೆ. ಹಳಬರ ಹಾಡುಗಳಲ್ಲಿ ಇದನ್ನು ಕಿವಿಗೊಟ್ಟು ಕೇಳಿಸಿ. ವೆಲ್ಲೂರಿನಲ್ಲಿ ಹುಟ್ಟಿದ ವಾಣಿ ಜಯರಾಂ, ನೆಲ್ಲೂರು ಜಿಲ್ಲೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಗುಂಟೂರು ಜಿಲ್ಲೆಯ ಜಾನಕಿ, ಇವರಾರ ಮನೆಮಾತೂ ಕನ್ನಡವಲ್ಲ. ಪ್ರತಿ ಪದವನ್ನು ಕೇಳಿ, ತಮಗೆ ಗೊತ್ತಿರುವ ಲಿಪಿಯಲ್ಲಿ ಬರೆದುಕೊಂಡು, ಅರ್ಥ ತಿಳಿದು ಹಾಡಿದರು. ಕನ್ನಡ ಬಲ್ಲ ಹುಡುಗಿ ಕನ್ನಡವನ್ನು ಸಡಿಲವಾಗಿ ನುಡಿಯುವುದಕ್ಕೆ ನೆಪವೇ ಇಲ್ಲ. ಜತೆಗೆ ಅವಳು ತೆಲುಗು, ತಮಿಳು, ಹಿಂದಿ ಉಚ್ಚಾರಗಳನ್ನೂ ಕಲಿಯಲಿ, ಅಲ್ಲಿಂದಲೂ ಕೆಲಸ ಬರುತ್ತದೆ.

ಸ್ಟುಡಿಯೊದೊಳಗೆ ಏನಾಗುತ್ತದೆ ಎನ್ನುವುದು ಹೊರಗಿನವರಿಗೆ ತಿಳಿದಿರುವುದು ಕಡಿಮೆ. ಹಿಂದೆ ಮದ್ರಾಸಿನ ಸ್ಟುಡಿಯೊಗಳಲ್ಲಿ ವಾದ್ಯವೃಂದ ಪೂರ್ತಿ ಕೂತು, ಗಾಯಕರೂ ಜತೆಗೇ ಹಾಡಿ, ಒಂದೇ ಓಟದಲ್ಲಿ ಹಾಡು ಮುಗಿಯಬೇಕಿತ್ತು. ಯಾರೊಬ್ಬರು ತಪ್ಪಿದರೂ ಎಲ್ಲರೂ ಮೊದಲಿಂದ. ಕನ್ನಡದ ಹಾಡುಗಳು ದಶಕಗಳ ಕಾಲ ಅಲ್ಲೇ ಮುದ್ರಣವಾದವು. 1980ರ ದಶಕದಲ್ಲಿ ಶಂಕರ್‌ನಾಗ್, ಅನಂತನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಮೇಲೆ ಆ ಓಡಾಟ ತಗ್ಗತೊಡಗಿತು. ಈಗ ಗಾಯಕಿ ಒಬ್ಬಳೇ ಬೂತಿನಲ್ಲಿ ನಿಂತು ಹಾಡುತ್ತಾಳೆ, ಮುಂಬೈಯಲ್ಲಿರುವವರು ಅಲ್ಲೇ ಹಾಡಿ ಫೈಲು ಕಳಿಸುತ್ತಾರೆ.

ಕ್ರಮ ಹೀಗಿರುತ್ತದೆ. ಮೊದಲು ಸಂಗೀತ ನಿರ್ದೇಶಕರು ಅಥವಾ ಅವರ ಸಹಾಯಕರು ರಾಗವನ್ನು ‘ತನನ’ ಎಂದೋ ಲಾಲಾ ಎಂದೋ ಹಾಡಿರುವ ಡಮ್ಮಿ ಕೇಳಿಸುತ್ತಾರೆ. ಕೆಲವೊಮ್ಮೆ ಹಿಂದಿನ ರಾತ್ರಿ ಕಳಿಸುತ್ತಾರೆ, ಹಲವು ಸಲ ಹೋದ ಮೇಲೆಯೇ. ಸಾಹಿತ್ಯದ ಹಾಳೆ ಕೈಗೆ ಬರುತ್ತದೆ. ಅದನ್ನು ತನ್ನ ಕೈಯಿಂದಲೇ ಬರೆದುಕೊಳ್ಳುವುದು ಒಳ್ಳೆಯ ರೂಢಿ, ಬರೆಯುವಾಗಲೇ ಅರ್ಧ ಬಾಯಿಪಾಠವಾಗುತ್ತದೆ. 20 ನಿಮಿಷದಿಂದ ಅರ್ಧ ಗಂಟೆಯೊಳಗೆ ರಾಗ ಹಿಡಿಯಬೇಕು. ಸ್ವರ ಹಾಕಿಕೊಳ್ಳಲು ಬಂದರೆ ಇದು ಬಹಳ ಸುಲಭ. ನಿಮ್ಮ ಮಗಳ ಶಾಸ್ತ್ರೀಯ ಪಾಠ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಅರ್ಧ ಗಂಟೆಯಲ್ಲಿ.

ಆಮೇಲೆ ಮೈಕು. ಸ್ಟುಡಿಯೊಗಳಲ್ಲಿ ಹಾಡಿಗೆ ಸಾಮಾನ್ಯವಾಗಿ ದೊಡ್ಡ ಡಯಾಫ್ರಾಮಿನ ಕಂಡೆನ್ಸರ್ ಮೈಕು ಇರುತ್ತದೆ, ಮುಂದೆ ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್. ಬಾಯಿಂದ 15ರಿಂದ 20 ಸೆಂಟಿಮೀಟರ್ ಅಂತರ ಒಳ್ಳೆಯದು. ತೀರಾ ಹತ್ತಿರ ಹೋದರೆ ದನಿಯ ಮಂದ್ರ ಭಾಗ ಉಬ್ಬಿ ಮಸುಕಾಗುತ್ತದೆ. ಒಂದು ಸಾಲು ಹತ್ತಿರ, ಇನ್ನೊಂದು ಸಾಲು ದೂರದಲ್ಲಿ ಹಾಡಿದರೆ ಎರಡೂ ಬೇರೆ ಬೇರೆ ಜನ ಹಾಡಿದಂತೆ ಕೇಳಿಸಿ ಎಂಜಿನಿಯರ್‌ಗೆ ಜೋಡಿಸಲಾಗದು. ವೇದಿಕೆಯಲ್ಲಿ ಮೈಕನ್ನು ಹಿಂದೆ ಮುಂದೆ ಆಡಿಸಿ ರೂಢಿಯಾದವರು ಇಲ್ಲಿ ಎಡವುತ್ತಾರೆ. ಪ, ಫ, ಬ, ಭಗಳಲ್ಲಿ ಗಾಳಿಯ ಗುದ್ದು ಬೀಳುತ್ತಿದ್ದರೆ ಮುಖವನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಸಾಕು. ಸ, ಶಗಳು ಸೀಟಿ ಹೊಡೆದಂತಾದರೆ ಮೈಕಿನ ಎತ್ತರ ಬದಲಿಸಲು ಕೇಳಬಹುದು. ಸದ್ದು ಮಾಡುವ ಬಳೆ, ಗರಿಗರಿ ಬಟ್ಟೆ, ಗೆಜ್ಜೆ ಬೇಡ. ಹಾಳೆ ತಿರುವಿದ ಸದ್ದೂ ಮುದ್ರಣವಾಗುತ್ತದೆ.

ಹೆಡ್‌ಫೋನಿನಲ್ಲಿ ಏನು ಎಷ್ಟು ಕೇಳಬೇಕು ಎಂದು ಕೇಳಿ ಪಡೆಯುವುದು ಗಾಯಕಿಯ ಹಕ್ಕು, ಹೊಸಬರು ಸಂಕೋಚದಿಂದ ಕೇಳುವುದೇ ಇಲ್ಲ. ತನ್ನ ದನಿ ಕಡಿಮೆ ಕೇಳಿಸಿದರೆ ಒತ್ತಿ ಹಾಡಿ ಶ್ರುತಿ ಏರುತ್ತದೆ, ಜಾಸ್ತಿ ಕೇಳಿಸಿದರೆ ಹಿಂಜರಿದು ಇಳಿಯುತ್ತದೆ. ಹಲವರು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ತಮ್ಮ ನಿಜವಾದ ದನಿ ಕೇಳುತ್ತಾ ಹಾಡುತ್ತಾರೆ. ಹಾಗೆ ಮಾಡುವುದಾದರೆ ಆ ಬದಿಯ ಸದ್ದನ್ನು ಆರಿಸಲು ಹೇಳಬೇಕು, ಇಲ್ಲದಿದ್ದರೆ ಲಯಕ್ಕೆ ಹಾಕಿರುವ ಕ್ಲಿಕ್ಕಿನ ಟಿಕ್ ಟಿಕ್ ಮೈಕಿಗೆ ಸೋರುತ್ತದೆ. ತನ್ನ ದನಿ ತಡವಾಗಿ ಬಂದು ಬಡಿಯುತ್ತಿದೆ ಎನ್ನಿಸಿದರೆ ಅದು ಕಂಪ್ಯೂಟರಿನ ವಿಳಂಬ. 10 ಮಿಲಿಸೆಕೆಂಡ್ ದಾಟಿದರೆ ಲಯವೇ ಜಾರುತ್ತದೆ. ಸುಮ್ಮನಿರದೆ ಹೇಳಬೇಕು.

ಹಾಡಿಸುವಾಗ ಸಾಮಾನ್ಯವಾಗಿ ಇಡೀ ಹಾಡು ಒಂದೆರಡು ಬಾರಿ ಹಾಡಿಸಿ, ಆಮೇಲೆ ಪಲ್ಲವಿ, ಚರಣ ಎಂದು ಬಿಡಿಬಿಡಿಯಾಗಿ ಟೇಕ್ ತೆಗೆದುಕೊಳ್ಳುತ್ತಾರೆ. ತಪ್ಪಿದ ಪದವನ್ನು ಮಾತ್ರ ಮತ್ತೆ ಹಾಡಿಸಿ ಅದೇ ಜಾಗಕ್ಕೆ ಸೇರಿಸುತ್ತಾರೆ, ಇದಕ್ಕೆ ಪಂಚ್ ಎನ್ನುತ್ತಾರೆ. ಪಂಚ್ ಮಾಡುವಾಗ ಒಂದು ಸಾಲು ಮೊದಲಿನಿಂದಲೇ ಹಾಡುತ್ತಾ ಬರಬೇಕು, ಅದೇ ಭಾವ, ಅದೇ ಪ್ರಮಾಣ, ಅದೇ ಅಂತರದಲ್ಲಿ. ಇಲ್ಲದಿದ್ದರೆ ತೇಪೆ ಕಾಣುತ್ತದೆ. ಕೊನೆಗೆ ಪಲ್ಲವಿಗೆ ಡಬಲ್ (ಅದೇ ಸಾಲನ್ನು ಮತ್ತೊಮ್ಮೆ ಹಾಡಿ ಜೋಡಿಸುವುದು), ಮೇಲೆ ಕೆಳಗೆ ಬೇರೆ ಸ್ವರಗಳಲ್ಲಿ ಹಾರ್ಮನಿ, ಅಲ್ಲಲ್ಲಿ ಆಲಾಪದ ತುಣುಕು. ಇದೆಲ್ಲ ಸೇರಿ ಒಂದು ಹಾಡಿಗೆ ಎರಡು ಮೂರು ಗಂಟೆ ಹಿಡಿಯಬಹುದು. ‘ಈಗ ಪಿಚ್ ಸರಿ ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಯಾರು ಬೇಕಾದರೂ ಹಾಡಬಹುದು’ ಎನ್ನುವವರಿಗೆ ಅರ್ಧ ಮಾತ್ರ ಗೊತ್ತು. ಸಾಫ್ಟ್‌ವೇರು ಸ್ವರವನ್ನು ಜಾಗಕ್ಕೆ ಕೂರಿಸುತ್ತದೆ. ಮಾತಿನ ಭಾವ, ಉಸಿರಿನ ಲೆಕ್ಕ, ಉಚ್ಚಾರ, ಇವನ್ನು ಅದು ಹುಟ್ಟಿಸಲಾರದು. ದೊಡ್ಡ ಗಮಕವನ್ನು ಅದರ ಕೈಗೆ ಕೊಟ್ಟರೆ ಕೆಡಿಸುವುದೇ ಹೆಚ್ಚು.

ಇಲ್ಲಿ ನಾನು ಒತ್ತಿ ಹೇಳಬೇಕಾದದ್ದು ಒಂದಿದೆ. ಮೊದಲ ಹಾಡು ಅದೃಷ್ಟದಿಂದಲೂ ಸಿಗಬಹುದು. ಎರಡನೇ ಸಲ ಅದೇ ಸಂಗೀತ ನಿರ್ದೇಶಕರು ಫೋನ್ ಮಾಡುವುದು ಮೊದಲ ಸಲದ ಆ ಮೂರು ಗಂಟೆ ಹೇಗೆ ನಡೆಯಿತು ಎಂಬುದರ ಮೇಲೆ. ಹೇಳಿದ ಹೊತ್ತಿಗೆ ಬಂದಳೇ, ಬೇಗ ಕಲಿತಳೇ, ‘ಇನ್ನೂ ಸ್ವಲ್ಪ ನಗು ಇರಲಿ’ ಎಂದಾಗ ಮುಂದಿನ ಟೇಕಿನಲ್ಲೇ ತಂದಳೇ, ಹತ್ತನೇ ಸಲ ಹಾಡಿಸಿದಾಗಲೂ ಮುಖ ಗಂಟಿಕ್ಕಲಿಲ್ಲವೇ. ವೃತ್ತಿ ನಿಲ್ಲುವುದು ಈ ಎರಡನೇ ಕರೆಯ ಮೇಲೆ.

ಒಳಗೆ ಹೋಗುವ ದಾರಿ ಒಂದೇ ಅಲ್ಲ, ಬಾಗಿಲು ಚಿಕ್ಕದೇ. ಕೋರಸ್ ಹಾಡುವುದು ಅತ್ಯುತ್ತಮ ಶಾಲೆ. ಇನ್ನೊಬ್ಬರ ದನಿಯೊಳಗೆ ದನಿ ಸೇರಿಸುವುದು, ಸ್ಟುಡಿಯೊದ ಶಿಸ್ತು, ಎಲ್ಲ ಅಲ್ಲಿ ಬರುತ್ತದೆ. ಟ್ರ್ಯಾಕ್ ಹಾಡುವುದು ಇನ್ನೊಂದು ಮೆಟ್ಟಿಲು: ಹೆಸರಾಂತ ಗಾಯಕಿ ಬರುವ ಮುನ್ನ ಹಾಡಿನ ಮಾದರಿಯನ್ನು ಹಾಡಿಡುವ ಕೆಲಸ. ಮುಂದೆ ಆ ದನಿ ತೆಗೆದು ದೊಡ್ಡ ಗಾಯಕಿಯ ದನಿ ಹಾಕುತ್ತಾರೆ. ಅದು ಅವಮಾನವಲ್ಲ, ಕರಾರೇ ಅದು. ಕೆಲವೊಮ್ಮೆ ಟ್ರ್ಯಾಕೇ ಚೆನ್ನಾಗಿದೆ ಎಂದು ಉಳಿಸಿಕೊಳ್ಳುವುದೂ ಉಂಟು, ಆಗ ಪೂರ್ಣ ಸಂಭಾವನೆ ಕೊಡಬೇಕು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಭಕ್ತಿಗೀತೆ, ಭಾವಗೀತೆ, ಧಾರಾವಾಹಿಯ ಶೀರ್ಷಿಕೆ ಗೀತೆ, ಜಾಹೀರಾತಿನ ಜಿಂಗಲ್, ಆರ್ಕೆಸ್ಟ್ರಾ, ಇವೆಲ್ಲ ಮೈಕಿನ ಮುಂದೆ ಗಂಟೆಗಳನ್ನು ಕೊಡುತ್ತವೆ. ಡಬ್ಬಿಂಗ್ ಕೂಡ ಹತ್ತಿರದ ಕಸುಬು. ಎಸ್‌ಪಿಬಿ ತೆಲುಗಿನಲ್ಲಿ ಕಮಲಹಾಸನ್ ಅವರಿಗೆ ಕಂಠದಾನ ಮಾಡಿದವರು, ಮಾತಿನಲ್ಲಿ ನಟಿಸಲು ಬಂದವರಿಗೆ ಹಾಡಿನಲ್ಲಿ ನಟಿಸುವುದು ಕಷ್ಟವಲ್ಲ.

ಟಿ.ವಿ. ಸ್ಪರ್ಧೆಗೆ ಮತ್ತೆ ಹೋಗಲಿ, ಬೇಡ ಎನ್ನುವುದಿಲ್ಲ. ಶ್ರೇಯಾ ಘೋಷಾಲ್ ‘ಸರೆಗಮ’ ಸ್ಪರ್ಧೆಯಿಂದ ಬಂದು 2002ರ ‘ದೇವದಾಸ್’ನಲ್ಲಿ ಹಾಡಿ ರಾಷ್ಟ್ರಪ್ರಶಸ್ತಿ ಪಡೆದರು, ಮೈಸೂರಿನ ವಿಜಯ್ ಪ್ರಕಾಶ್ ಅವರಿಗೂ ಅದೇ ವೇದಿಕೆ ಮೆಟ್ಟಿಲಾಯಿತು. ಆದರೆ ಸ್ಪರ್ಧೆ ಕೊಡುವುದು ಪರಿಚಯವನ್ನು. ಪ್ರತಿ ವರ್ಷ ಹೊಸ ವಿಜೇತರು ಬರುತ್ತಾರೆ, ಹಾಡುಗಳ ಸಂಖ್ಯೆ ಆ ವೇಗದಲ್ಲಿ ಏರುವುದಿಲ್ಲ. ವಾಹಿನಿಯ ಕರಾರಿಗೆ ಸಹಿ ಹಾಕುವ ಮುನ್ನ, ಎಷ್ಟು ಕಾಲ ಹೊರಗೆ ಹಾಡುವಂತಿಲ್ಲ, ಕಾರ್ಯಕ್ರಮದ ಆದಾಯದಲ್ಲಿ ಅವರಿಗೆ ಪಾಲು ಇದೆಯೇ ಎಂಬ ಎರಡು ಸಾಲುಗಳನ್ನು ಹುಡುಕಿ ಓದಿ. ಎಸ್‌ಪಿಬಿ ಕೂಡ ಸಂಗೀತ ಸ್ಪರ್ಧೆಯೊಂದರಲ್ಲಿ ಸಂಗೀತ ನಿರ್ದೇಶಕ ಎಸ್.ಪಿ. ಕೋದಂಡಪಾಣಿಯವರ ಕಿವಿಗೆ ಬಿದ್ದವರು. ಅವರ ಮೊದಲ ಚಿತ್ರಗೀತೆ ಮುದ್ರಣವಾದದ್ದು 1966ರ ಡಿಸೆಂಬರ್ 15ರಂದು, ಅದೂ ಕೋದಂಡಪಾಣಿಯವರ ಸಂಗೀತದಲ್ಲೇ. ಸ್ಪರ್ಧೆಯಲ್ಲಿ ಕೇಳಿದ ಒಬ್ಬರು ನೆನಪಿಟ್ಟುಕೊಂಡು ಕರೆದರು. ಗೆಲುವಿಗಿಂತ ಅದು ದೊಡ್ಡದು.

ಓದನ್ನು ಮುಗಿಸಲಿ. ವಾಣಿ ಜಯರಾಂ ಹಿಂದಿ ಚಿತ್ರ ‘ಗುಡ್ಡಿ’ಯಲ್ಲಿ ಹಾಡಿ 1971ರಲ್ಲಿ ಹೆಸರಾಗುವ ಮುನ್ನ ಸ್ಟೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದರು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣ ವಕೀಲರು. ಬಿ.ಕಾಂ. ಕೈಯಲ್ಲಿದ್ದರೆ ಅವಳು ಕೆಟ್ಟ ಕರಾರಿಗೆ ‘ಬೇಡ’ ಎನ್ನಬಲ್ಲಳು.

ಬದುಕು ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಸಿನಿಮಾ ಹಾಡಿನ ಸಂಭಾವನೆಯೊಂದನ್ನೇ ನಂಬಿ ನಡೆಯುವುದು ಬೆರಳೆಣಿಕೆಯಷ್ಟು ಮಂದಿಗೆ. ಹೊಸಬರಿಗೆ ಪ್ರತಿ ಹಾಡಿಗೆ ಒಂದು ಮೊತ್ತ ಎಂದು ಒಮ್ಮೆಗೆ ಕೊಟ್ಟು ಮುಗಿಸುತ್ತಾರೆ, ಸಣ್ಣ ಚಿತ್ರಗಳಲ್ಲಿ ಅದೂ ತಡವಾಗುತ್ತದೆ. ಹೆಚ್ಚಿನ ಗಾಯಕರ ಮನೆ ನಡೆಸುವುದು ವೇದಿಕೆ ಕಾರ್ಯಕ್ರಮ: ಗಣೇಶೋತ್ಸವ, ಜಾತ್ರೆ, ಸರ್ಕಾರಿ ಉತ್ಸವ, ಕಾಲೇಜು ಹಬ್ಬ, ಮದುವೆ ಆರತಕ್ಷತೆ, ಹೊರದೇಶದ ಕನ್ನಡ ಸಂಘ. ಜನಪ್ರಿಯ ಹಾಡೊಂದು ಇದ್ದರೆ ಈ ಕರೆಗಳು ಬರುತ್ತವೆ. ಹಾಡು ಹೆಸರು ಕೊಡುತ್ತದೆ, ವೇದಿಕೆ ಹಣ ಕೊಡುತ್ತದೆ. ಸಂಗೀತ ಪಾಠ ಹೇಳುವುದು ತಿಂಗಳ ಆಧಾರ. ಮಳೆಗಾಲ, ಆಷಾಢದಲ್ಲಿ ಕಾರ್ಯಕ್ರಮ ಕಡಿಮೆ, ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಈ ಬದುಕಿಗೆ ಇಳಿಯಬೇಕು.

ಹಕ್ಕಿನ ವಿಚಾರ ಬಹಳ ಗಾಯಕರಿಗೇ ಗೊತ್ತಿಲ್ಲ, ಅದು ನನಗೆ ಬೇಸರದ ಸಂಗತಿ. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ (ಹಾಡು ಬಳಕೆಯಾದಾಗ ಸಿಗುವ ಪಾಲು) ಬೇಕು ಎಂದು ಕೇಳಿದಾಗ ಮೊಹಮ್ಮದ್ ರಫಿ ಒಪ್ಪಲಿಲ್ಲ, ಕೆಲವು ವರ್ಷ ಇಬ್ಬರೂ ಜತೆಯಾಗಿ ಹಾಡಲೇ ಇಲ್ಲ. ಲತಾ ಕೇಳಿದ್ದು ಕಾನೂನಾಗಿ ಬರಲು 2012ರ ಕೃತಿಸ್ವಾಮ್ಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈಗ ಗಾಯಕರ ಪ್ರದರ್ಶನ ವಾಣಿಜ್ಯವಾಗಿ ಬಳಕೆಯಾದಾಗ ಅವರಿಗೆ ರಾಯಲ್ಟಿಯ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. ತನ್ನ ಹೆಸರು ಗಾಯಕಿ ಎಂದು ನಮೂದಾಗಬೇಕು ಎಂದು ಕೇಳುವ ನೈತಿಕ ಹಕ್ಕೂ ಇದೆ. ಈ ಹಣ ಸಂಗ್ರಹಿಸಿ ಹಂಚಲು 2013ರಲ್ಲಿ ಗಾಯಕರ ಸಂಘ ನೋಂದಣಿಯಾಯಿತು. ಈಗ ವಾದ್ಯಗಾರರನ್ನೂ ಸೇರಿಸಿಕೊಂಡು ಅದನ್ನು ಇಸಾಮ್ರಾ ಎನ್ನುತ್ತಾರೆ. ಹಾಡುಗಳು ಬಿಡುಗಡೆಯಾಗತೊಡಗಿದ ಕೂಡಲೇ ಸದಸ್ಯತ್ವಕ್ಕೆ ಅರ್ಜಿ ಹಾಕಿ, ಪ್ರತಿ ಹಾಡನ್ನೂ ಅಲ್ಲಿ ನಮೂದಿಸಬೇಕು. ಅವಳು ಮುಂದೆ ರಾಗ ಹಾಕಿದರೆ ಅಥವಾ ಸಾಹಿತ್ಯ ಬರೆದರೆ ಅದು ಬೇರೆ ಹಕ್ಕು, ಅದಕ್ಕೆ ಸಾಹಿತಿ, ಸಂಗೀತ ಸಂಯೋಜಕರ ಸಂಘವಾದ ಐಪಿಆರ್‌ಎಸ್ ಇದೆ.

ಕರಾರು ಒಂದು ಪುಟದ್ದಾದರೂ ಸಾಕು, ಆದರೆ ಬರಹದಲ್ಲಿರಬೇಕು. ಚಿತ್ರದ ಹೆಸರು, ಹಾಡಿನ ಮೊದಲ ಸಾಲು, ಮೊತ್ತ, ಯಾವ ದಿನದೊಳಗೆ ಪಾವತಿ, ಯೂಟ್ಯೂಬ್ ವಿವರಣೆಯಲ್ಲೂ ಹಾಡಿನ ಆ್ಯಪ್‌ಗಳಲ್ಲೂ ಹೆಸರು ನಮೂದು, ರಾಯಲ್ಟಿ ಹಕ್ಕು ಗಾಯಕಿಯಲ್ಲೇ ಉಳಿಯುತ್ತದೆ ಎಂಬ ಮಾತು. ಈ ಕಾಲಕ್ಕೆ ಇನ್ನೊಂದು ಸಾಲು ಅಗತ್ಯ: ಮುದ್ರಿಸಿದ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ದನಿ ತಯಾರಿಸಲು ಬಳಸುವಂತಿಲ್ಲ. 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಅವರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ ಅನುಮತಿಯಿಲ್ಲದ ಇಂಥ ದನಿ ನಕಲಿಗೆ ತಡೆ ಕೊಟ್ಟಿದೆ. ಲೆಕ್ಕಪತ್ರದಲ್ಲಿ, ಸಂಭಾವನೆಯಿಂದ ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿಯುತ್ತಾರೆ. ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಬಿ.ಕಾಂ. ಹುಡುಗಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಗಂಟಲಿನ ಬಗ್ಗೆ ಎಚ್ಚರ ಬೇಕು. ಗಾಯಕರಿಗೆ ಬರುವ ಸಾಮಾನ್ಯ ತೊಂದರೆ ಸ್ವರತಂತುಗಳ ಮೇಲೆ ಗಂಟು. ಕಾರಣ ಹಾಡುವುದಲ್ಲ, ತಪ್ಪಾಗಿ ಒತ್ತಿ ಹಾಡುವುದು, ಗದ್ದಲದಲ್ಲಿ ಕೂಗಿ ಮಾತಾಡುವುದು, ಮತ್ತೆ ಮತ್ತೆ ಗಂಟಲು ಕೆರೆದುಕೊಳ್ಳುವುದು. ರಾತ್ರಿ ತಡವಾಗಿ ಊಟ ಮಾಡಿ ಮಲಗುವವರಿಗೆ ಹುಳಿ ಮೇಲೆ ಬಂದು ಬೆಳಗಿನ ದನಿ ಒಡೆಯುತ್ತದೆ, ಊಟಕ್ಕೂ ನಿದ್ರೆಗೂ ಮೂರು ಗಂಟೆ ಅಂತರವಿರಲಿ. ಹಾಡುವ ಮುನ್ನ 10–15 ನಿಮಿಷ ತುಟಿ ನಡುಗಿಸುವ ಅಭ್ಯಾಸ ಅಥವಾ ಸ್ಟ್ರಾದ ಮೂಲಕ ಗುನುಗುವ ಅಭ್ಯಾಸ ದನಿಯನ್ನು ಆಯಾಸವಿಲ್ಲದೆ ಎಬ್ಬಿಸುತ್ತದೆ. ದನಿ ಕೆಟ್ಟಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ, ಪೂರ್ತಿ ಮೌನವೇ ವಿಶ್ರಾಂತಿ. ಹಾಡುತ್ತಿರುವಾಗ ಇದ್ದಕ್ಕಿದ್ದಂತೆ ದನಿ ಹೋದರೆ ಅಲ್ಲಿಗೇ ನಿಲ್ಲಿಸಿ ಇಎನ್‌ಟಿ ವೈದ್ಯರನ್ನು ಕಾಣಬೇಕು, ತಂತುವಿನಲ್ಲಿ ರಕ್ತಸ್ರಾವ ಆಗಿರಬಹುದು. ಎರಡು ವಾರ ದಾಟಿದ ಗೊಗ್ಗರು ದನಿಗೂ ಮನೆಮದ್ದು ಸಾಕಾಗದು, ಕ್ಯಾಮೆರಾ ಹಾಕಿ ತಂತುಗಳನ್ನು ನೋಡಿಸಬೇಕು. ಕಿವಿಯೂ ಅಷ್ಟೇ ಮುಖ್ಯ. 2024ರಲ್ಲಿ ಅಲ್ಕಾ ಯಾಗ್ನಿಕ್ ತಮಗೆ ಒಮ್ಮೆಲೇ ಶ್ರವಣದೋಷ ಬಂದದ್ದನ್ನು ತಿಳಿಸಿದಾಗ, ವೈರಸ್ ಸೋಂಕು ಕಾರಣ ಎಂದು ವೈದ್ಯರು ಹೇಳಿದ್ದರೂ, ಹೆಡ್‌ಫೋನಿನ ಜೋರು ಸದ್ದಿನ ಬಗ್ಗೆ ಎಳೆಯರನ್ನು ಎಚ್ಚರಿಸಿದರು. ಜತನವಾಗಿ ನೋಡಿಕೊಂಡ ದನಿ ದೂರ ಬರುತ್ತದೆ. 1957ರಲ್ಲಿ ಸಿನಿಮಾಕ್ಕೆ ಬಂದ ಜಾನಕಿಯವರು 2016ರಲ್ಲಿ ತಾವಾಗಿಯೇ ಸಾಕು ಎಂದರು.

ಇನ್ನು ಡೆಮೊ. ಒಟ್ಟು ಮೂರು ತುಣುಕು, ಒಂದೊಂದೂ 60ರಿಂದ 90 ಸೆಕೆಂಡ್. ಮೊದಲನೆಯದು ಮೆಲುದನಿಯ ಪ್ರೇಮಗೀತೆಯ ಪಲ್ಲವಿ, ಎರಡನೆಯದು ಲಯದ ಹಾಡು, ಮೂರನೆಯದು ಅವಳ ಶಾಸ್ತ್ರೀಯ ಬಲ ಕಾಣಿಸುವಂಥದ್ದು. ಒಂದನ್ನಾದರೂ ವಾದ್ಯವಿಲ್ಲದೆ, ಎಕೋ ಇಲ್ಲದೆ, ಪಿಚ್ ತಿದ್ದದೆ ಹಾಗೇ ಇಡಿ. ಕೇಳುವವರು ದನಿಯನ್ನು ತೂಗಿ ನೋಡುವುದು ಅದರಲ್ಲೇ. ಮುನ್ನುಡಿ ಸಂಗೀತ ಬೇಡ, ಐದನೇ ಸೆಕೆಂಡಿನೊಳಗೆ ದನಿ ಕೇಳಬೇಕು, ಏಕೆಂದರೆ ಬಹಳ ಮಂದಿ 20 ಸೆಕೆಂಡಿನ ಮೇಲೆ ಕೇಳುವುದಿಲ್ಲ. ಇನ್ನೊಬ್ಬ ಗಾಯಕಿಯ ಅನುಕರಣೆ ಬೇಡ, ಆ ಗಾಯಕಿ ಈಗಾಗಲೇ ಇದ್ದಾರೆ. ವಾಟ್ಸ್‌ಆ್ಯಪ್ ವಾಯ್ಸ್ ನೋಟ್ ಆಗಿ ಕಳಿಸಿದರೆ ಗುಣಮಟ್ಟ ಹಾಳಾಗುತ್ತದೆ, ವೇವ್ ಅಥವಾ 320 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಫೈಲಿನ ಲಿಂಕ್ ಕಳಿಸಿ. ಫೈಲಿನ ಹೆಸರಿನಲ್ಲೇ ಅವಳ ಹೆಸರು, ಫೋನ್ ನಂಬರ್ ಇರಲಿ. ಜತೆಗೆ ಎರಡು ಸಾಲು: ವಯಸ್ಸು, ಕಲಿತದ್ದು, ರೇಂಜು, ಗೊತ್ತಿರುವ ಭಾಷೆಗಳು. ಸಂಗೀತ ನಿರ್ದೇಶಕರಿಗೆ ಮಾತ್ರವಲ್ಲ, ಕಂಪ್ಯೂಟರಿನಲ್ಲಿ ವಾದ್ಯ ಜೋಡಿಸುವ ಪ್ರೋಗ್ರಾಮರ್‌ಗಳಿಗೆ, ಸೌಂಡ್ ಎಂಜಿನಿಯರ್‌ಗಳಿಗೆ, ಕೋರಸ್ ಒದಗಿಸುವ ಸಂಯೋಜಕರಿಗೂ ಕಳಿಸಿ. ‘ಯಾರಾದರೂ ಟ್ರ್ಯಾಕ್ ಹಾಡುವವರು ಬೇಕು, ಇವತ್ತು ಸಂಜೆ’ ಎಂದಾಗ ಹೆಸರು ಹೇಳುವವರು ಇವರೇ. ಮೂರು ತಿಂಗಳಿಗೊಮ್ಮೆ ಹೊಸ ತುಣುಕು ಕಳಿಸಬಹುದು, ವಾರಕ್ಕೊಮ್ಮೆ ‘ಕೇಳಿದ್ರಾ ಸರ್’ ಎಂದು ಕಾಡಬಾರದು. ಸಂಜೆಯ ಕರೆ ಬಂದ ದಿನ ನೀವು ಜತೆಗೆ ಹೋಗಿ. ಹೊಸ ಜಾಗಕ್ಕೆ ಯಾವ ಹುಡುಗಿಯೂ ಒಂಟಿಯಾಗಿ ಹೋಗಬೇಕಿಲ್ಲ, ಒಳ್ಳೆಯ ಸ್ಟುಡಿಯೊಗಳಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.